ಸೊಪ್ಪಿನಬೆಟ್ಟವನ್ನು ಊರೇ ಸೇರಿ ಕಾಯುವುದು ಹೇಗೆ? ನಡೆದ ಊರುಗಳ ಅನುಭವ ಹೇಳಿ

ಹೊಳೆಸಾಲು:
ನಮ್ಮದು ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಗುಡ್ಡದ ಮಗ್ಗುಲಿನ ಊರು. ಕೆಳಗೆ ಅಡಿಕೆ ತೋಟ, ಅದರ ಮೇಲೆ ತೋಟಕ್ಕೆ ಬೇಕಾದ ಸೊಪ್ಪು ತರುವ ಸೊಪ್ಪಿನಬೆಟ್ಟ, ಇನ್ನೂ ಮೇಲೆ ಕಾನು, ಅಂದರೆ ದಟ್ಟ ನಿತ್ಯಹಸಿರು ಕಾಡು. ಕಾನಿನಿಂದ ಇಳಿಯುವ ಅಬ್ಬಿ (ಝರಿ) ನೀರೇ ಮನೆಗೂ ತೋಟಕ್ಕೂ ಆಧಾರ. ಹಿಂದೆ ಅಡಿಕೆ ಮರ ಸೀಳಿದ ದಂಬೆಯಲ್ಲಿ ಬರುತ್ತಿದ್ದದ್ದು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆವು. ಆದರೆ ಯುಗಾದಿ ದಾಟಿಯೂ ಹರಿಯುತ್ತಿದ್ದ ನೀರು ಈಗ ಶಿವರಾತ್ರಿಗೇ ಸೊರಗುತ್ತಿದೆ. ಬೆಟ್ಟಕ್ಕೆ ಪ್ರತಿ ಬೇಸಿಗೆಯೂ ಬೆಂಕಿ ಬೀಳುತ್ತದೆ. ಯಾರು ಹಾಕಿದರು ಎಂದು ಕೇಳಿದರೆ ಎಲ್ಲರೂ ಪಕ್ಕದ ಊರಿನ ಕಡೆ ಕೈ ತೋರಿಸುತ್ತಾರೆ. ಗ್ರಾಮ ಅರಣ್ಯ ಸಮಿತಿ ಕಾಗದದಲ್ಲಿದೆ, ಸಭೆ ನಡೆದದ್ದು ಯಾರಿಗೂ ನೆನಪಿಲ್ಲ. ಈ ಸಲ ಮಳೆಗಾಲ ಮುಗಿಯುವುದರೊಳಗೆ ಊರಿನವರನ್ನು ಕೂಡಿಸಿ ಮಾತನಾಡಬೇಕು ಎಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು? ಗಿಡ ನೆಡುವುದೋ, ಇಂಗುಗುಂಡಿ ತೋಡುವುದೋ, ಬೇಲಿ ಹಾಕುವುದೋ?

ಮತ್ತಿಮರ:
ಮೂರೂ ಬೇಡ. ಮೊದಲು ಬೆಂಕಿ ನಿಲ್ಲಿಸಿ. ಸತತವಾಗಿ ಕೆಲವು ಬೇಸಿಗೆ ಬೆಂಕಿ ಬೀಳದಿದ್ದರೆ ಹಳೆಯ ಮತ್ತಿ, ಕಿಂದಲ, ಹೊನಗಲಿನ ಬುಡಗಳೇ ಚಿಗುರಿಕೊಂಡು ಏಳುತ್ತವೆ. ಬೇರು ನೆಲದೊಳಗೆ ಜೀವಂತವಾಗಿರುವ ಜಾಗಕ್ಕೆ ಲಾರಿಯಲ್ಲಿ ಗಿಡ ತರಿಸುವುದು ಫೋಟೋಗಾಗಿ ಮಾತ್ರ.

ಶಾಲ್ಮಲಾ ದಂಡೆ:
ಹೊಳೆಸಾಲು ಅವರೇ, ನಮ್ಮ ಜಿಲ್ಲೆಯಲ್ಲಿ ಈ ಮಾತು ಬಂದಾಗಲೆಲ್ಲ ಮರ ಅಪ್ಪಿಕೊಂಡು ಉಳಿಸಿದ ಅಪ್ಪಿಕೋ ಚಳವಳಿ ನೆನಪಾಗುತ್ತದೆ. ಆದರೆ ಅದರ ಮೊದಲರ್ಧವನ್ನು ಮಾತ್ರ ಹೇಳಿ ನಿಲ್ಲಿಸುತ್ತೇವೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನ ಹೆಂಗಸರು, ಗಂಡಸರು, ಯುವಕರು ಕಳಾಸೆ ಕಾಡಿಗೆ ನಡೆದು ಹೋಗಿ, ಗುತ್ತಿಗೆದಾರನ ಆಳುಗಳ ಮುಂದೆಯೇ ಮರಗಳನ್ನು ತಬ್ಬಿ ನಿಂತರು. ಸುಂದರಲಾಲ್ ಬಹುಗುಣ ಆ ಹೊತ್ತಿಗೆ ಈ ಕಡೆ ಬಂದು ಹಿಮಾಲಯದ ಚಿಪ್ಕೋ ಚಳವಳಿಯ ಕಥೆ ಹೇಳಿ ಹೋಗಿದ್ದರು. ಪಾಂಡುರಂಗ ಹೆಗಡೆಯವರು ಊರೂರು ಸುತ್ತಿ ಜನರನ್ನು ಕೂಡಿಸಿದರು. 38 ದಿನ ನಡೆದ ಪ್ರತಿಭಟನೆಯ ನಂತರ ಕಡಿತ ನಿಂತಿತು. ಗುರುತು ಮಾಡಿದ ಒಂದು ಮರ ಬೀಳುವಾಗ ಸುತ್ತಲಿನ ಎಷ್ಟು ಮರಗಳನ್ನು ಮುರಿದುಕೊಂಡು ಬೀಳುತ್ತದೆ ಎಂಬುದನ್ನು ಜನರೇ ಅಧಿಕಾರಿಗಳನ್ನು ಕರೆದೊಯ್ದು ತೋರಿಸಿದ್ದರು. ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದು.

ಇಷ್ಟು ಎಲ್ಲರಿಗೂ ಗೊತ್ತು. ಎರಡನೆಯ ಅರ್ಧ ಇರುವುದು ಆ ಚಳವಳಿಯ ಘೋಷಣೆಯಲ್ಲಿ: ಉಳಿಸು, ಬೆಳೆಸು, ಬಳಸು. ಮೂರನೆಯ ಮಾತನ್ನು ನಾವು ನುಂಗಿಬಿಡುತ್ತೇವೆ. ಬೆಟ್ಟ ಬಳಸುವವರಿಗೆ ಮಾತ್ರ ಬೆಟ್ಟ ಹಾಳಾದದ್ದು ಮೊದಲು ಕಾಣುತ್ತದೆ. ಸೊಪ್ಪು ತರಲು ಯಾರೂ ಹೋಗದ ಬೆಟ್ಟಕ್ಕೆ ಬೆಂಕಿ ಬಿದ್ದರೆ ಹೊಗೆ ಕಂಡಾಗಲೇ ಊರಿಗೆ ತಿಳಿಯುವುದು. ಈಗ ಗೊಬ್ಬರದ ಚೀಲ ಅಂಗಡಿಯಲ್ಲಿ ಸಿಗುತ್ತದೆ, ಕೊಟ್ಟಿಗೆಯಲ್ಲಿ ದನವಿಲ್ಲ, ದರಕು (ಉದುರಿದ ಒಣ ಎಲೆ) ಗುಡಿಸಲು ಆಳು ಸಿಗುವುದಿಲ್ಲ. ಬೆಟ್ಟದ ಕಡೆ ಹೋಗುವ ಕಾಲುದಾರಿಗೇ ಯುಪಟೋರಿಯಂ ಕಳೆ ಮುಚ್ಚಿಕೊಂಡಿದೆ. ನಿಮ್ಮೂರಿನಲ್ಲಿ ಬೆಟ್ಟಕ್ಕೆ ಈಗ ಯಾರು, ಯಾವುದಕ್ಕೆ ಹೋಗುತ್ತಾರೆ ಎಂದು ಮೊದಲು ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಇರುವವರೇ ನಿಮ್ಮ ನಿಜವಾದ ಸಮಿತಿ.

ಕುಮಟೆಯ ಕಡೆಯವನು:
ಇದಕ್ಕೆ ನಮ್ಮ ತಾಲ್ಲೂಕಿನದೇ ಪಾಠವಿದೆ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ, 1920ರ ದಶಕದಲ್ಲಿ, ಕಾಲಿನ್ಸ್ ಎಂಬ ಅಧಿಕಾರಿಯ ವರದಿಯ ನಂತರ ಕುಮಟೆಯ ಸುತ್ತಲಿನ ಕೆಲವು ಊರುಗಳಿಗೆ ಗ್ರಾಮ ಅರಣ್ಯ ಪಂಚಾಯತಿ ಕೊಟ್ಟರು. ಹಳಕಾರ, ಚಿತ್ರಿಗಿ, ಕಲ್ಲಬ್ಬೆ, ಮೂರೂರು ಆ ಪೈಕಿ. ಊರವರೇ ಕಾವಲುಗಾರನನ್ನು ಇಟ್ಟು, ಯಾವಾಗ ಸೊಪ್ಪು, ಯಾವಾಗ ಕಟ್ಟಿಗೆ, ಎಷ್ಟು ಎಂದು ತಾವೇ ಕಟ್ಟಳೆ ಮಾಡಿಕೊಂಡು ನಡೆಸಿದರು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಸರ್ಕಾರ ಈ ಪಂಚಾಯತಿಗಳನ್ನು ರದ್ದು ಮಾಡಹೊರಟಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಮುಂದಿನದನ್ನು ಹಲವು ಕಡೆ ಬರೆದಿದ್ದಾರೆ. ಚಿತ್ರಿಗಿಯವರ ಕಾಡು ಕುಮಟೆ ಪೇಟೆಯ ಮಗ್ಗುಲಲ್ಲೇ ಇದ್ದರೂ ಅಷ್ಟು ವರ್ಷ ದಟ್ಟವಾಗಿ ಉಳಿದಿತ್ತು. ನಾಳೆಯಿಂದ ಇದು ನಿಮ್ಮದಲ್ಲ ಎಂಬ ನೋಟಿಸು ಬಂದದ್ದೇ ತಡ, ಕೆಲವೇ ದಿನಗಳಲ್ಲಿ ಜನರೇ ಅದನ್ನು ಕಡಿದು ಮುಗಿಸಿದರು. ಹಳಕಾರದವರು ಹಾಗೆ ಮಾಡಲಿಲ್ಲ. ನ್ಯಾಯಾಲಯಕ್ಕೆ ಹೋಗಿ ತಮ್ಮ ಪಂಚಾಯತಿ ಉಳಿಸಿಕೊಂಡರು. ಅವರ ಕಾಡು ಉಳಿಯಿತು.

ಎರಡೂ ಊರಿನವರು ಒಂದೇ ನೀರು ಕುಡಿದವರು, ಒಂದೇ ಹಬ್ಬ ಮಾಡುವವರು. ಒಂದು ಕಡೆ ಹಕ್ಕು ಕೈಬಿಟ್ಟಿತು, ಇನ್ನೊಂದು ಕಡೆ ಉಳಿಯಿತು, ಅಷ್ಟೇ. ಹಳ್ಳಿಯವರಿಗೆ ಪರಿಸರ ಪ್ರಜ್ಞೆ ಕಲಿಸಬೇಕು ಎಂದು ಶಿಬಿರ ಮಾಡುವವರನ್ನು ಕಂಡಾಗಲೆಲ್ಲ ನನಗೆ ಚಿತ್ರಿಗಿ ನೆನಪಾಗುತ್ತದೆ.

ಕಾನಂಚಿನವಳು:
ಎಲ್ಲರೂ ಊರು ಊರು ಎನ್ನುತ್ತೀರಿ. ಊರು ಎಂದರೆ ಯಾರು ಎಂದು ಒಂದು ಸಲ ಹೇಳಿಬಿಡಿ.

ಸೊಪ್ಪಿನಬೆಟ್ಟ ತೋಟ ಇದ್ದವರಿಗೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟದ ಸವಲತ್ತು ಎಂದು ಬ್ರಿಟಿಷರ ಕಾಲದಿಂದ ನಡೆದು ಬಂದಿದೆ. ತೋಟ ಇಲ್ಲದವರಿಗೆ ಏನಿದೆ? ನನ್ನ ಅತ್ತೆ ಜೀವಮಾನವಿಡೀ ಬೇರೆಯವರ ಬೆಟ್ಟದಲ್ಲಿ ದರಕು ಗುಡಿಸಿ, ಕಲ್ಲಿಯಲ್ಲಿ ತುಂಬಿ, ಬೇರೆಯವರ ಕೊಟ್ಟಿಗೆಗೆ ಹೊತ್ತವರು. ಬರುವಾಗ ಒಂದು ಹೊರೆ ಒಣ ಕಟ್ಟಿಗೆ ತಂದರೆ ಕೇಳುವವರು ಇರಲಿಲ್ಲ, ಅದೇ ಅವರ ಪಾಲು. ಊರಿನ ಯಜಮಾನರು ಸೇರಿ ಬೇಲಿ ಹಾಕಿ ರಕ್ಷಣೆ ಮಾಡಿದ ವರ್ಷ ಆ ಒಂದು ಹೊರೆಯೂ ಕಳ್ಳತನವಾಯಿತು. ಸಮಿತಿಯಲ್ಲಿ ಹೆಂಗಸರ ಹೆಸರು ಬೇಕು ಎಂದು ನನ್ನ ಹೆಸರೂ ಬರೆದಿದ್ದರು. ಸಹಿ ಮಾಡಿಸಿಕೊಳ್ಳಲು ಪುಸ್ತಕ ಮನೆಗೇ ಬರುತ್ತಿತ್ತು, ಸಭೆಗೆ ಕರೆ ಮಾತ್ರ ಬರುತ್ತಿರಲಿಲ್ಲ.

ಬೆಂಕಿ ಬಿದ್ದಾಗ ಹಸಿ ಸೊಪ್ಪಿನ ಟೊಂಗೆ ಹಿಡಿದು ಬಡಿಯಲು ಮಾತ್ರ ನಮ್ಮ ಕೇರಿಯ ಹುಡುಗರನ್ನು ಕರೆಯುತ್ತಾರೆ. ಹೊಳೆಸಾಲು ಅಣ್ಣ, ನಿಮ್ಮ ಸಭೆಯನ್ನು ಯಾರ ಮನೆಯ ಜಗಲಿಯ ಮೇಲೆ ಕೂಡಿಸುತ್ತೀರಿ ಎಂಬುದನ್ನು ಮೊದಲು ಯೋಚಿಸಿ. ಕೆಲವು ಜಗಲಿಗಳನ್ನು ನಮ್ಮವರು ಇವತ್ತಿಗೂ ಹತ್ತುವುದಿಲ್ಲ.

ಹೊಳೆಸಾಲು:
ಅಕ್ಕಾ, ಸಭೆ ಶಾಲೆಯ ಅಂಗಳದಲ್ಲಿ ಆಗುತ್ತದೆ. ಮಾತು ನೇರವಾಗಿ ಹೇಳಿದ್ದಕ್ಕೆ ಸಂತೋಷ. ಹೊರೆ ಕಟ್ಟಿಗೆಯ ವಿಷಯ ನಮ್ಮಲ್ಲೂ ಇದೆ, ಚರ್ಚೆಗೆ ತರುತ್ತೇನೆ.

ನಿವೃತ್ತ ಗಾರ್ಡು:
ನಾನು ಇಲಾಖೆಯಲ್ಲಿದ್ದವನು, ಬೈಯುವವರು ಬೈಯಿರಿ. ರಾಜ್ಯದಲ್ಲಿ 1993ರಲ್ಲಿ, ಇಲಾಖೆಯೂ ಊರವರೂ ಕೂಡಿ ಕಾಡು ನೋಡಿಕೊಳ್ಳುವ ಜಂಟಿ ಅರಣ್ಯ ಯೋಜನೆಯ ಆದೇಶ ಬಂದು ಗ್ರಾಮ ಅರಣ್ಯ ಸಮಿತಿಗಳು ಶುರುವಾದವು. ನಮ್ಮ ಜಿಲ್ಲೆಯಲ್ಲಿ ಬಹಳ ಬೇಗ ಬಹಳ ಸಮಿತಿಗಳಾದವು. ಗುರಿ ತಲುಪಬೇಕು ಎಂಬ ಅವಸರದಲ್ಲಿ ಮಾಡಿದ ಸಮಿತಿಗಳು, ಹಣ ಇರುವವರೆಗೆ ಉಸಿರಾಡಿದವು. ಸುಲಭವಾಗಿ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ಬೇಗ ಲೆಕ್ಕಕ್ಕೆ ಸಿಗುತ್ತದೆ ಎಂದು ಅಕೇಶಿಯಾ ನೆಟ್ಟೆವು. ಕೆಲವು ಸಮಿತಿಗಳಿಗೆ ಅದರ ಕಟಾವಿನಿಂದ ಪಾಲಿನ ಹಣವೂ ಬಂತು, ಶಾಲೆ, ದೇವಸ್ಥಾನ, ರಸ್ತೆಗೆ ಖರ್ಚಾಯಿತು. ಆದರೆ ಅಕೇಶಿಯಾದ ಬುಡದಲ್ಲಿ ಬೀಳುವ ಎಲೆ ಬೇಗ ಕೊಳೆಯುವುದಿಲ್ಲ. ಅದರ ಅಡಿಯಲ್ಲಿ ನಡೆದವರಿಗೆ ಆ ಸರಬರ ಸದ್ದು ಗೊತ್ತು. ಒಂದು ಕಡ್ಡಿ ಗೀರಿದರೆ ಮುಗಿಯಿತು.

ಇನ್ನೊಂದು ಮಾತು. ತೋಟದವರು ಬೆಟ್ಟವನ್ನು ಕಾಯ್ದರು ಎಂಬುದೂ ಪೂರ್ತಿ ನಿಜವಲ್ಲ. ತುದಿ ಬಿಟ್ಟು, ಒಂದು ಬದಿ ಈ ವರ್ಷ, ಇನ್ನೊಂದು ಬದಿ ಮುಂದಿನ ವರ್ಷ ಎಂದು ಸೊಪ್ಪು ಸವರಿದ ಬೆಟ್ಟಗಳನ್ನೂ ನೋಡಿದ್ದೇನೆ, ಮರವೆಲ್ಲ ಬೋಳು ಕಂಬವಾಗುವಂತೆ ಕಡಿಸಿದ ಬೆಟ್ಟಗಳನ್ನೂ ನೋಡಿದ್ದೇನೆ. ಎರಡಕ್ಕೂ ಒಂದೇ ಕಾನೂನು ಇತ್ತು. ವ್ಯತ್ಯಾಸ ಮಾಡಿದ್ದು ಪಕ್ಕದ ಬೆಟ್ಟದವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ. ಆ ಸಂಕೋಚ ಇನ್ನೂ ಉಳಿದಿರುವ ಊರಿನಲ್ಲಿ ಸಮಿತಿ ನಡೆಯುತ್ತದೆ.

ಮಲ್ಲೇಶ್ವರದ ಮಲೆನಾಡಿಗ:
ಎಲ್ಲ ಓದಿದೆ. ನಮ್ಮ ಕಚೇರಿಯ ಗೆಳೆಯರ ಗುಂಪು ಪ್ರತಿ ಜೂನ್‌ನಲ್ಲಿ ಗಿಡ ನೆಡಲು ಹಳ್ಳಿ ಹುಡುಕುತ್ತದೆ. ಬಸ್ ಖರ್ಚು, ಗಿಡದ ಖರ್ಚು ನಮ್ಮದೇ. ಜೆಸಿಬಿ ತರಿಸಿ ಗುಡ್ಡದುದ್ದಕ್ಕೂ ಇಂಗುಗುಂಡಿ ಹೊಡೆಸಲೂ ಹಣ ಹೊಂದಿಸಬಹುದು. ಹೊಳೆಸಾಲು ಅವರೇ, ಹೇಳಿ, ಬರುತ್ತೇವೆ.

ಮತ್ತಿಮರ:
ಬನ್ನಿ, ಊಟಕ್ಕೆ ಏನೂ ತೊಂದರೆಯಿಲ್ಲ. ಜೆಸಿಬಿಯನ್ನು ಮಾತ್ರ ಬಿಟ್ಟು ಬನ್ನಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ತೋಟ, ರಸ್ತೆ, ಮನೆ ಎಲ್ಲ ಮಣ್ಣಾದದ್ದನ್ನು ನೋಡಿದವರು ನಾವು. ಅಲ್ಲಿನ ಕಾರಣಗಳು ಬೇರೆ ಬೇರೆ ಇರಬಹುದು. ಆದರೆ ದಪ್ಪ ಮಣ್ಣಿನ, ಕಡಿದಾದ ಇಳಿಜಾರಿನಲ್ಲಿ ಯಂತ್ರ ಹತ್ತಿಸಿ ಗುಂಡಿ ತೋಡಿ, ಎರಡು ದಿನದಲ್ಲಿ ಬೀಳುವ ಆಷಾಢದ ಮಳೆಯನ್ನು ಅಲ್ಲೇ ನಿಲ್ಲಿಸುವುದು ಎಲ್ಲ ಕಡೆ ಜಾಣತನವಲ್ಲ. ಬಯಲುಸೀಮೆಯಲ್ಲಿ ವರ್ಷಕ್ಕೆ ಬೀಳುವಷ್ಟು ಮಳೆ ಇಲ್ಲಿ ಕೆಲವು ವಾರಗಳಲ್ಲಿ ಬೀಳುತ್ತದೆ. ಅಲ್ಲಿನ ಔಷಧ ಇಲ್ಲಿಗೆ ಹೊಂದುವುದಿಲ್ಲ. ಬೇಣದಂಥ (ಹುಲ್ಲುಗಾವಲಿನಂಥ) ತೆರೆದ, ಇಳಿಜಾರು ಕಡಿಮೆ ಇರುವ ಜಾಗ ನೋಡಿ ಕೈಯಿಂದ ತೋಡಿದ ಸಣ್ಣ ಗುಂಡಿಗಳು ಸಾಕು. ಕಾನಿನೊಳಗೆ ಅದೂ ಬೇಡ; ಅಲ್ಲಿನ ದರಕಿನ ಪದರವೇ ನೀರು ಹಿಡಿಯುತ್ತದೆ.

ಗಿಡದ ಮಾತು ಹೇಳುವುದಾದರೆ, ನರ್ಸರಿಯಲ್ಲಿ ಸಿಗುವ ಗಿಡ ಬೇಡ. ಮೇ ಕೊನೆಯಲ್ಲಿ ಕಾನಿನ ಮರಗಳ ಬುಡದಲ್ಲಿ ಬಿದ್ದ ಬೀಜ ಆರಿಸಿ ಕೊಡಲು ಊರಿನ ಮಕ್ಕಳು ಸಾಕು. ನೀವು ಹಣ ಕೊಡುವುದಾದರೆ ಜನವರಿಯಿಂದ ಮೇವರೆಗೆ ಬೆಂಕಿ ಕಾಯುವವರ ಸಂಬಳಕ್ಕೆ ಕೊಡಿ. ಅದಕ್ಕೆ ಫಲಕ ಹಾಕಲು ಬರುವುದಿಲ್ಲ, ಗೊತ್ತು.

ಮಲ್ಲೇಶ್ವರದ ಮಲೆನಾಡಿಗ:
ಫಲಕದ ಮಾತು ಚುಚ್ಚಿತು. ಇರಲಿ. ಕಾವಲುಗಾರರ ಸಂಬಳದ ವಿಷಯ ಗುಂಪಿನಲ್ಲಿ ಕೇಳುತ್ತೇನೆ.

ಶಾಲ್ಮಲಾ ದಂಡೆ:
ಮತ್ತಿಮರ ಅವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ, ಏಕೆಂದರೆ ಹೊರಗಿನ ಜಾಣತನದ ವಿಷಯ ಬಂತು. 1970ರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲಿ ಬಿದಿರು ಕಡಿಮೆಯಾಗುತ್ತಿದೆ ಎಂಬ ಗಲಾಟೆ ಎದ್ದಿತು. ಕಾಗದ ಕಾರ್ಖಾನೆಯ ಕಡೆಯವರು, ಹಳ್ಳಿಯವರೂ ದನಗಳೂ ಹಾಳು ಮಾಡಿದ್ದು ಎಂದರು. ಬಿದಿರು ಮೆಳೆಯ ಬುಡದ ಮುಳ್ಳನ್ನು ಸವರಿ ಸ್ವಚ್ಛ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಅವರ ಶಾಸ್ತ್ರ. ಹಳ್ಳಿಯವರು ಹೇಳಿದ್ದು ಬೇರೆ: ಮುಳ್ಳು ತೆಗೆದರೆ ಕಳಲೆಗೆ ಕಾವಲೇ ಇಲ್ಲ, ದನ, ಮುಳ್ಳುಹಂದಿ, ಮಂಗ ಎಲ್ಲ ತಿಂದು ಮುಗಿಸುತ್ತವೆ. ಗಾಡ್ಗೀಳರು ತಮ್ಮ ತಂಡದೊಂದಿಗೆ ಕೂತು ಅಳೆದು ನೋಡಿದಾಗ ಹಳ್ಳಿಯವರ ಮಾತೇ ಸರಿ ಎಂದು ಕಂಡಿತು. ನಿಮ್ಮ ಸಭೆಗೆ ಯಾವ ತಜ್ಞರನ್ನು ಕರೆದರೂ ಸರಿ, ದನ ಕಾಯ್ದವರನ್ನು ಅವರ ಪಕ್ಕದಲ್ಲೇ ಕೂರಿಸಿ.

ಉಪ್ಪಾಗೆ ಒಲೆ:
ಬಳಸು ಎಂಬುದನ್ನು ಎಲ್ಲರೂ ಹೊಗಳಿದ್ದೀರಿ. ಬಳಕೆಯೇ ಮರ ಕೊಂದ ಕಥೆಯನ್ನೂ ಕೇಳಿ.

ನಮ್ಮಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿಹಣ್ಣು ಹಿಂದೆ ಅಡುಗೆಯ ಹುಳಿಗೆ, ಬೀಜದ ತುಪ್ಪಕ್ಕೆ ಅಷ್ಟೇ ಇತ್ತು. 1990ರ ದಶಕದಲ್ಲಿ ಮೈ ಕರಗಿಸುವ ಔಷಧಕ್ಕೆ ಇದರ ಒಣ ಸಿಪ್ಪೆಯ ಸತ್ವ ಬೇಕೆಂದು ಹೊರದೇಶಗಳಿಂದ ಬೇಡಿಕೆ ಬಂತು. ಬೆಲೆ ಏರಿದ್ದೇ ತಡ, ಕಾಡಿನಲ್ಲಿ ಓಟ ಶುರುವಾಯಿತು. ಹಣ್ಣಾಗುವವರೆಗೆ ಕಾದರೆ ಬೇರೆಯವರು ಕೊಯ್ದುಬಿಡುತ್ತಾರೆ ಎಂದು ಎಳೆಕಾಯಿಗೇ ಕೈ ಹಾಕಿದರು. ಎತ್ತರದ ಟೊಂಗೆಯನ್ನು ಹತ್ತಿ ಕೊಯ್ಯುವ ಬದಲು ಟೊಂಗೆಯನ್ನೇ ಕಡಿದು ಬೀಳಿಸಿದರು. ಕೊಯ್ಲು ಸುರಿಯುವ ಮಳೆಯಲ್ಲಿ, ಬಿಸಿಲಿಲ್ಲ. ಸಿಪ್ಪೆ ಒಣಗಿಸಲು ಅಟ್ಟದ ಕೆಳಗೆ ಹಗಲು ರಾತ್ರಿ ಒಲೆ ಉರಿಯಬೇಕು. ಒಂದು ಮೂಟೆ ಒಣ ಸಿಪ್ಪೆಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಟ್ಟಿಗೆ ಬೂದಿಯಾಗುತ್ತಿತ್ತು. ಉಪ್ಪಾಗೆಯ ಹಣ ಬಂತು, ಪಕ್ಕದ ನಂದಿ, ಹೊನಗಲು ಮರಗಳು ಒಲೆಗೆ ಹೋದವು.

ನಮ್ಮ ಊರಿನಲ್ಲಿ ಇದಕ್ಕೆ ಕಡಿವಾಣ ಬಿದ್ದದ್ದು ಒಂದೇ ಕಟ್ಟಳೆಯಿಂದ. ಕೊಯ್ಲು ಶುರುವಾಗುವ ದಿನವನ್ನು ಊರು ನಿರ್ಧರಿಸುತ್ತದೆ, ಅದಕ್ಕೆ ಮೊದಲು ಕಾಯಿ ತಂದರೆ ಊರಿನಲ್ಲಿ ಯಾರೂ ಕೊಳ್ಳುವಂತಿಲ್ಲ. ಮರ ಮರಕ್ಕೆ ಕಾವಲು ಹಾಕಲು ಯಾರಿಂದಲೂ ಆಗುವುದಿಲ್ಲ. ಕೊಳ್ಳುವ ಕೈ ಹಿಡಿದರೆ ಕೊಯ್ಯುವ ಕೈ ತಾನೇ ನಿಲ್ಲುತ್ತದೆ. ಒಲೆಯನ್ನೂ ಬದಲಾಯಿಸಿದೆವು, ಹೊಗೆ ಹೊರಗೆ ಹೋಗಿ ಬಿಸಿಗಾಳಿ ಮಾತ್ರ ತಟ್ಟೆಗಳ ಮೇಲೆ ಹಾಯುವ ಡ್ರೈಯರ್. ಕಟ್ಟಿಗೆ ಉಳಿಯಿತು, ಸಿಪ್ಪೆಗೆ ಹೊಗೆ ವಾಸನೆ ಹಿಡಿಯದೆ ಬೆಲೆಯೂ ಒಳ್ಳೆಯದು ಸಿಕ್ಕಿತು. ಬೆಲೆ ಬಿದ್ದ ವರ್ಷಗಳಲ್ಲಿ ಕಟ್ಟಳೆ ಪಾಲಿಸುವುದು ಬಹಳ ಸುಲಭ. ಬೆಲೆ ಏರಿದ ವರ್ಷ ಊರಿನ ನೆಂಟಸ್ತಿಕೆಗಳೆಲ್ಲ ಪರೀಕ್ಷೆಗೆ ಕೂರುತ್ತವೆ.

ಸೊರಬದವಳು:
ದರಕಿನ ಮಾತು ಇಷ್ಟು ಬಂದರೂ ಉಣುಗಿನ (ರಕ್ತ ಹೀರುವ ಉಣ್ಣೆಯ) ಮಾತು ಯಾರೂ ಎತ್ತಲಿಲ್ಲ. ನಮ್ಮ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಈಗ ನಿಮ್ಮ ಸಿದ್ದಾಪುರದಲ್ಲೂ ಇದೆ. ಮಂಗ ಸತ್ತ ಜಾಗದ ಸುತ್ತ ಸೋಂಕಿನ ಉಣುಗುಗಳು ದರಕಿನಲ್ಲಿರುತ್ತವೆ. ದರಕು ಗುಡಿಸುವ ತಿಂಗಳುಗಳೂ ಕಾಯಿಲೆಯ ತಿಂಗಳುಗಳೂ ಒಂದೇ. ಗುಡಿಸುವವರು ಹೆಚ್ಚಾಗಿ ಕಾನಂಚಿನ ಅಕ್ಕ ಹೇಳಿದ ಮನೆಗಳವರೇ. ಸಮಿತಿಯ ಮೊದಲ ಖರ್ಚಿನಲ್ಲಿ ಅವರಿಗೆ ಮೈಗೆ ಹಚ್ಚುವ ಎಣ್ಣೆ, ಉದ್ದ ತೋಳಿನ ಅಂಗಿ ಇರಲಿ. ಆ ಎಣ್ಣೆಯನ್ನು ಆರೋಗ್ಯ ಇಲಾಖೆಯವರೇ ಹಂಚುತ್ತಾರೆ, ಕೇಳಿ ತರಬೇಕು. ಬೆಟ್ಟದಲ್ಲಿ ಸತ್ತ ಮಂಗ ಕಂಡರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸುವ ಜವಾಬ್ದಾರಿಯನ್ನು ಬೆಂಕಿ ಕಾಯುವವರಿಗೇ ಕೊಡಿ. ಹೇಗಿದ್ದರೂ ದಿನವೂ ಸುತ್ತುವವರು ಅವರೇ.

ದಫ್ತರದವನು:
ಕಾಗದದ ಕೆಲಸ ಕೇಳುವವರಿಗೆ ಎರಡು ಮಾತು. 2006ರ ಅರಣ್ಯ ಹಕ್ಕು ಕಾಯ್ದೆ ಎಂದರೆ ಅತಿಕ್ರಮಣ ಸಕ್ರಮ ಮಾಡಿಸುವ ಅರ್ಜಿ ಎಂದೇ ನಮ್ಮ ಕಡೆ ತಿಳಿದಿದ್ದಾರೆ. ಅದರಲ್ಲಿ ಸಮುದಾಯದ ಹಕ್ಕೂ ಇದೆ: ಊರು ಹಿಂದಿನಿಂದ ಕಾಯ್ದುಕೊಂಡು ಬಂದ ಕಾಡನ್ನು ಗ್ರಾಮಸಭೆಯೇ ರಕ್ಷಿಸಿ ನಿರ್ವಹಿಸುವ ಹಕ್ಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಹಕ್ಕುಪತ್ರ ಪಡೆದರು. ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳಿಗೆ 75 ವರ್ಷಗಳ ವಾಸದ ಸಾಕ್ಷ್ಯ ಬೇಕು ಎಂಬ ಷರತ್ತು ಇರುವುದರಿಂದ ನಮ್ಮ ಊರುಗಳಿಗೆ ದಾರಿ ಅಷ್ಟು ಸಲೀಸಲ್ಲ. ಆದರೂ ಹಳೆಯ ಬೆಟ್ಟದ ಕಾಗದ, ಕಂದಾಯದ ಪುಸ್ತಕ, ದೇವರಕಾಡಿನ ಉಲ್ಲೇಖ ಏನಿದ್ದರೂ ಈಗಲೇ ಒಂದು ಕಡೆ ಕೂಡಿಡಿ. ಗೆದ್ದಲು ಕಾಯುವುದಿಲ್ಲ.

ಜೊತೆಗೆ 2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯತಿಗೆ ಒಂದು ನಿರ್ವಹಣಾ ಸಮಿತಿ ಇರಲೇಬೇಕು. ನಿಮ್ಮ ಪಂಚಾಯತಿಯ ಜೀವವೈವಿಧ್ಯ ದಾಖಲಾತಿಯನ್ನು ಕೇಳಿ ಓದಿ. ಪಕ್ಕದ ಪಂಚಾಯತಿಯ ಪಟ್ಟಿಯನ್ನೇ ನಕಲು ಮಾಡಿ, ನಿಮ್ಮೂರಿನಲ್ಲಿ ಇಲ್ಲದ ಮರಗಳನ್ನು ಬರೆದಿದ್ದರೂ ಆಶ್ಚರ್ಯವಿಲ್ಲ.

ಹೊಳೆಸಾಲು:
ಸಭೆ ಆಯಿತು. ಮಳೆ ಹೊಯ್ಯುತ್ತಿದ್ದುದರಿಂದ ಅಂಗಳದ ಬದಲು ಶಾಲೆಯ ಕೋಣೆಯೊಳಗೆ, ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂತೆವು. ಮೂರೂ ಕೇರಿಗಳವರು ಬಂದಿದ್ದರು. ನಾನು ಬರೆದುಕೊಂಡು ಹೋಗಿದ್ದ ವಿಷಯಗಳಲ್ಲಿ ಅರ್ಧಕ್ಕೂ ಬರಲಾಗಲಿಲ್ಲ, ಕಟ್ಟಿಗೆಯ ಹೊರೆಯ ಮೇಲೆಯೇ ಬಹಳ ಹೊತ್ತು ಹೋಯಿತು. ತೋಟದವರೊಬ್ಬರು ಎದ್ದು ಹೊರಟೇ ಹೋದರು, ಚಹಾ ಬಂದಾಗ ಮರಳಿ ಬಂದರು.

ಕೊನೆಗೆ ನಿಂತದ್ದು ಇಷ್ಟು. ಒಣಗಿ ಬಿದ್ದ ಕಟ್ಟಿಗೆ ಯಾರ ಬೆಟ್ಟದಲ್ಲಿದ್ದರೂ ತಲೆಹೊರೆಯಲ್ಲಿ ಒಯ್ಯಲು ಯಾರೂ ಯಾರನ್ನೂ ಕೇಳಬೇಕಿಲ್ಲ. ಕತ್ತಿ ಕೊಡಲಿ ಬೆಟ್ಟಕ್ಕೆ ಒಯ್ಯುವಂತಿಲ್ಲ. ದೀಪಾವಳಿ ಕಳೆದ ಮೇಲೆ ಕರಡದ ಹುಲ್ಲು ಒಣಗುವ ಮೊದಲೇ ಬೆಟ್ಟದ ಸುತ್ತ ಬೆಂಕಿ ದಾಟದಂತೆ ಬೆಂಕಿಗೆರೆ ಸವರಬೇಕು, ಮನೆಗೊಂದು ಆಳು, ಬಾರದಿದ್ದವರು ಒಂದು ದಿನದ ಕೂಲಿ ಕೊಡಬೇಕು. ಬೆಂಕಿ ಕಾಯಲು ಇಬ್ಬರನ್ನು ಇಡುವುದು, ಒಬ್ಬರು ತೋಟವಿಲ್ಲದ ಮನೆಯವರೇ ಆಗಬೇಕು. ಸಂಬಳದ ಅರ್ಧವನ್ನು ತೋಟದ ಎಕರೆ ಲೆಕ್ಕದಲ್ಲಿ ಎತ್ತುವುದು. ಉಳಿದರ್ಧಕ್ಕೆ ಮಲ್ಲೇಶ್ವರದವರ ಉತ್ತರ ಕಾಯುತ್ತಿದ್ದೇವೆ. ಗಿಡ ನೆಡುವ ಮಾತನ್ನು ಯಾರೂ ಎತ್ತಲೇ ಇಲ್ಲ.

ಪಕ್ಕದ ಊರಿನ ಗಡಿಯಲ್ಲಿ ಬೆಂಕಿಗೆರೆ ಯಾರು ಸವರಬೇಕು ಎಂಬುದು ತೀರ್ಮಾನವಾಗಲಿಲ್ಲ. ಅವರು ತಮ್ಮ ಬೇಣದ ಹುಲ್ಲು ಚಿಗುರಲಿ ಎಂದು ಫೆಬ್ರುವರಿಯಲ್ಲಿ ಬೆಂಕಿ ಕೊಡುವ ರೂಢಿಯವರು. ಇದನ್ನು ನಿಭಾಯಿಸಿದ ಊರು ಯಾವುದಾದರೂ ಇದೆಯೇ?

ನಿವೃತ್ತ ಗಾರ್ಡು:
ಇದೆ. ಅವರಿಗೆ ಬೆಂಕಿ ಹಾಕಬೇಡಿ ಎನ್ನಬೇಡಿ, ಕೇಳುವುದಿಲ್ಲ. ದಿನ ಮೊದಲೇ ಹೇಳಿ ಎನ್ನಿ. ಇಬ್ಬನಿ ಆರದ ಬೆಳಗಿನ ಹೊತ್ತಿನಲ್ಲಿ, ಗಾಳಿ ಏಳುವ ಮೊದಲು, ನಿಮ್ಮ ಇಬ್ಬರು ಕಾವಲುಗಾರರು ಗಡಿಯಲ್ಲಿ ನಿಂತಿರುವಾಗ ಸುಟ್ಟುಕೊಳ್ಳಲಿ. ಗಡಿಯ ಗೆರೆಯನ್ನು ಮೊದಲ ವರ್ಷ ನೀವೇ ಸವರಿ. ಎರಡನೆಯ ವರ್ಷ ಅವರ ಹುಡುಗರೂ ಬರುತ್ತಾರೆ, ಬಾರದಿದ್ದರೆ ಅವರ ಊರಿನ ಜಾತ್ರೆಯ ಹೊತ್ತಿನಲ್ಲಿ ಕೇಳಿ. ಗೆರೆ ಹತ್ತು ಅಡಿಗಿಂತ ಕಿರಿದು ಮಾಡಬೇಡಿ, ಸವರಿದ ಕಸವನ್ನು ನಿಮ್ಮ ಬೆಟ್ಟದ ಕಡೆಗೆ ಎಳೆದು ಹಾಕಬೇಡಿ.

ಕಾನಂಚಿನವಳು:
ಕತ್ತಿ ಒಯ್ಯುವಂತಿಲ್ಲ ಎಂದರೆ ಉದ್ದ ಕಟ್ಟಿಗೆಯನ್ನು ಹೊರೆ ಕಟ್ಟುವುದು ಹೇಗೆ ಅಣ್ಣ? ಮುಂದಿನ ಸಭೆಯಲ್ಲಿ ಅದನ್ನೊಂದು ಸರಿಪಡಿಸಿ. ಉಳಿದದ್ದಕ್ಕೆ ನನ್ನದೇನೂ ತಕರಾರಿಲ್ಲ.